ಮೂರನೇ ದಿನಕ್ಕೆ ಇಳಿಯೋ ಮೋಟಿವೇಶನ್ನು, ಅಪ್ಪನ ಪೋಡಿ ಫೈಲು

ಪ್ರಶ್ನೆ: ಮೇಡಂ, ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು 27. ಬಿ.ಎ. ಮುಗಿಸಿ ಶಿವಮೊಗ್ಗದಲ್ಲಿ ಪಿಜಿಲಿ ಇದ್ಕೊಂಡು ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆ ಎಲ್ಲದಕ್ಕೂ ಓದ್ತಿದೀನಿ, ಮೂರು ವರ್ಷ ಆಯ್ತು. ಮೋಟಿವೇಶನಲ್ ವಿಡಿಯೋ ನೋಡಿದ ದಿನ ರಾತ್ರಿ ಎರಡು ಗಂಟೆವರೆಗೂ ಕೂರ್ತೀನಿ, ಮೂರನೇ ದಿನಕ್ಕೆ ಪುಸ್ತಕ ಕಂಡ್ರೆ ಆಗಲ್ಲ. ಅಪ್ಪ ನಮ್ಮ ಹುಡುಗಿ ತಹಶೀಲ್ದಾರ್ ಆಗ್ತಾಳೆ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದಾರೆ. ಪಿಜಿಲಿರೋ ಡಿಗ್ರಿ ಹುಡ್ಗೀರಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡ್ತಾ ಕೂತ್ರೆ ಮಾತ್ರ ಊಟದ ಟೈಮ್ ಹೋಗಿದ್ದೂ ಗೊತ್ತಾಗಲ್ಲ, ಆಮೇಲೆ ಓದೋದು ಬಿಟ್ಟು ಇದೆಂತ ಮಾಡ್ತಿದೀನಿ ಅಂತ ನನ್ ಮೇಲೆ ನಂಗೇ ಸಿಟ್ಟು. ಮೊನ್ನೆ ಅಪ್ಪ ಜಮೀನಿನ ಪೋಡಿ ಕೆಲ್ಸಕ್ಕೆ (ಜಮೀನು ಅಳತೆ ಮಾಡಿಸಿ ನಮ್ಮ ಭಾಗಕ್ಕೆ ಬೇರೆ ದಾಖಲೆ ಮಾಡಿಸೋದು) ನಾಲ್ಕನೇ ಸಲ ಆಫೀಸಿಗೆ ಹೋಗಿ ಬರಿಗೈಲಿ ವಾಪಸ್ ಬಂದ್ರು, ಅವತ್ತು ರಾತ್ರಿ ನಂಗೆ ನಿದ್ದೆನೇ ಬರ್ಲಿಲ್ಲ. ಮನೇಲಿ ಮದುವೆ ಮಾತು ಶುರುವಾಗಿದೆ. ನಿನ್ನ ವ್ಯಾಲ್ಯೂಸ್ ಏನು ಅಂತ ತಿಳ್ಕೊ, ಮೋಟಿವೇಶನ್ ತಾನಾಗೇ ಬರುತ್ತೆ ಅಂತ ಫ್ರೆಂಡ್ ಹೇಳಿದ್ಲು. ಅದು ನಿಜಾನಾ? ನಾನು ಸೋಮಾರಿನಾ? ಅಪ್ಪನ ಹತ್ರ ಏನಂತ ಹೇಳ್ಲಿ?

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಅರ್ಧ ಸರಿ. ನಮಗೆ ಯಾವುದು ಮುಖ್ಯ ಅಂತ ಗೊತ್ತಾದ್ರೆ ತುಂಬಾ ಉಪಯೋಗ ಇದೆ, ಆದ್ರೆ ಮೋಟಿವೇಶನ್ ತಾನಾಗೇ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಮೌಲ್ಯಗಳು ಹುಮ್ಮಸ್ಸು ಕೊಡಲ್ಲ, ಹುಮ್ಮಸ್ಸಿಲ್ಲದ ದಿನವೂ ಪುಸ್ತಕ ತೆಗಿಯೋಕೆ ಒಂದು ಕಾರಣ ಕೊಡುತ್ವೆ, ಅಷ್ಟೇ. ಕೇಳೋಕೆ ಸಣ್ಣದು ಅನ್ಸುತ್ತೆ, ಆದ್ರೆ ವರ್ಷಗಟ್ಟಲೆ ಎಳೆಯೋ ಇಂಥ ತಯಾರಿಗೆ ಬೇಕಾಗಿರೋದು ಆ ಸಣ್ಣದೇ. ಸೋಮಾರಿನಾ ಅಂತ ಕೇಳಿದ್ರಿ, ಊಟ ಮರೆತು ಇನ್ನೊಬ್ಬರ ಅರ್ಜಿ ತುಂಬೋರನ್ನ ಸೋಮಾರಿ ಅಂತ ಯಾರೂ ಕರೆಯಲ್ಲ, ಅದನ್ನ ಇಲ್ಲಿಗೇ ಬಿಡೋಣ.

ಮೊದ್ಲು ಆ ವಿಡಿಯೋ ವಿಚಾರ. ಅದು ಕೊಡೋದು ಒಂದು ಭಾವನೆ. ಭಾವನೆ ಏರೋದು ಇಳಿಯೋದು ಸಹಜ, ಮೂರನೇ ದಿನಕ್ಕೆ ಇಳಿದಿದೆ ಅಂದ್ರೆ ನಿಮ್ಮಲ್ಲೇನೋ ಕೊರತೆ ಇದೆ ಅಂತ ಅರ್ಥ ಅಲ್ಲ. ತೊಂದ್ರೆ ಏನು ಅಂದ್ರೆ ಓದೋಕೆ ಮುಂಚೆ ಆ ಭಾವನೆ ಬರ್ಲೇಬೇಕು ಅನ್ನೋ ಅಭ್ಯಾಸ ಬಿದ್ದುಬಿಡುತ್ತೆ, ಆಮೇಲೆ ಅದು ಬರದಿದ್ದ ದಿನ ಓದೋ ಹಕ್ಕೇ ಇಲ್ಲ ಅನ್ನೋ ತರ ಕೂತ್ಬಿಡ್ತೀವಿ. ನಿಮ್ಮಪ್ಪಂಗೆ ಅಡಿಕೆ ತೋಟ ಇರ್ಬೋದು ಅಂದ್ಕೊಳ್ತೀನಿ, ನಮ್ಮ ಕಡೆ ಅರ್ಧ ಜನಕ್ಕೆ ಇದ್ದೇ ಇರುತ್ತಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯೋಕೆ ಮುಂಚೆ ಒಂದ್ಸಲ ಔಷಧಿ ಹೊಡಿಬೇಕು, ಮತ್ತೆ 40-45 ದಿನಕ್ಕೆ ಇನ್ನೊಂದ್ಸಲ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ಆ ಬೋರ್ಡೋ ದ್ರಾವಣ ಕಲಸ್ಕೊಂಡು, ಉಂಬಳ (ಜಿಗಣೆ) ಕಚ್ಚಿಸ್ಕೊಂಡು, ಮೋಡ ಯಾವಾಗ ಸ್ವಲ್ಪ ಬಿಡುತ್ತೋ ಅಂತ ಆಕಾಶ ನೋಡ್ಕೊಂಡು ಮಾಡೋ ಕೆಲಸ ಅದು. ಆ ದಿನ ಬೆಳಿಗ್ಗೆ ಯಾವ ತೋಟದವರಿಗೂ ಉತ್ಸಾಹ ಉಕ್ಕಿರಲ್ಲ. ತೋಟ ಉಳೀಬೇಕು ಅಂತಿರುತ್ತೆ, ಹೋಗ್ತಾರೆ. ಡಿಪ್ರೆಶನ್‌ಗೆ ಕೊಡೋ ಚಿಕಿತ್ಸೆಗಳಲ್ಲೂ ಇದೇ ಲೆಕ್ಕದ್ದು ಒಂದಿದೆ, 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಇದರ ಮೇಲೆ ಕೆಲಸ ಮಾಡಿದ್ರು, ಮನಸ್ಸು ಸರಿಯಾದ ಮೇಲೆ ಕೆಲಸ ಅಂತ ಕಾಯೋ ಬದ್ಲು ಸಣ್ಣ ಕೆಲಸ ಶುರು ಮಾಡಿ, ಮನಸ್ಸು ಅದರ ಹಿಂದೆ ಬರ್ಲಿ ಅನ್ನೋದು.

ಅಂದಹಾಗೆ ಇಲ್ಲಿ ಒಂದು ಮಾತು ಹೇಳ್ಬಿಡ್ತೀನಿ, ಇದು ವ್ಯಾಲ್ಯೂಸ್ ಗೀಲ್ಯೂಸ್‌ಗಿಂತ ಮೊದ್ಲು ಮಾಡಬೇಕಾದ್ದು. ಒಂದು ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ, ಹಿಮೋಗ್ಲೋಬಿನ್ನು, ಥೈರಾಯ್ಡು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ ಬಂದಿದೆ. ಪಿಜಿ ಊಟ, ರಾತ್ರಿ ಎರಡು ಗಂಟೆ, ಅರ್ಧ ದಿನ ಟೀ ಮೇಲೆ ಇರೋದು, ಇಷ್ಟೂ ಸೇರಿ ಸುಸ್ತಾದ್ರೆ ಅದಕ್ಕೆ ನಾವು ನಂಗೆ ಡಿಸಿಪ್ಲಿನ್ ಇಲ್ಲ ಅಂತ ಹೆಸರಿಟ್ಕೊಂಡು ಕೂತಿರ್ತೀವಿ, ಎಷ್ಟೋ ಸಲ ಬೇಕಾಗಿದ್ದು ಕಬ್ಬಿಣದ ಮಾತ್ರೆ ಆಗಿರುತ್ತೆ. ಇನ್ನೊಂದು, ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಯಾವುದ್ರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಎರಡೂ ಕೆಟ್ಟಿದೆ, ಬದುಕಿ ಏನು ಪ್ರಯೋಜನ ಅನ್ನೋ ಯೋಚನೆ ಬರ್ತಿದೆ ಅಂತಾದ್ರೆ ಈ ಉತ್ತರ ಅರ್ಧಕ್ಕೇ ಬಿಟ್ಟು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಉಚಿತ ಸೇವೆ, ಕನ್ನಡದಲ್ಲೇ ಮಾತಾಡ್ತಾರೆ. ಇಲ್ಲಾ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ನಿಮ್ಮ ಪತ್ರದಲ್ಲಿ ಹಾಗೆ ಕಾಣ್ತಿಲ್ಲ, ಅರ್ಜಿ ತುಂಬೋವಾಗ ಜೀವ ಬರುತ್ತೆ ಅಂದ್ರಲ್ಲ, ಆದ್ರೂ ಹೇಳೋದು ನನ್ನ ಕೆಲಸ.

ಈಗ ವಿಷಯಕ್ಕೆ ಬರೋಣ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅಂತ ಇಬ್ರು ದಶಕಗಟ್ಟಲೆ ಇದನ್ನೇ ಓದಿದ್ದಾರೆ, ಜನ ಯಾಕೆ ಒಂದು ಕೆಲಸ ಮಾಡ್ತಾರೆ, ಯಾಕೆ ಬಿಡ್ತಾರೆ ಅಂತ. 1971ರಲ್ಲಿ ಡೆಸಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧ. ಕಾಲೇಜು ಹುಡುಗ್ರಿಗೆ ತುಂಡು ಜೋಡಿಸೋ ಒಂದು ಪಜಲ್ ಕೊಟ್ರು, ಖುಷಿಗೆ ಆಡ್ತಿದ್ರು. ಆಮೇಲೆ ಒಂದು ಗುಂಪಿಗೆ ಬಿಡಿಸಿದ ಪ್ರತಿ ಪಜಲ್‌ಗೂ ಒಂದು ಡಾಲರ್ ಅಂತ ದುಡ್ಡು ಕೊಟ್ರು, ಅದರ ಮುಂದಿನ ಸಲ ಕೊಡ್ಲಿಲ್ಲ. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನ ಟೈಮಲ್ಲಿ ಪಜಲ್ ಮುಟ್ಟೋದು ಕಮ್ಮಿ ಆಯ್ತು. ಹೊರಗಿನ ಕಾರಣ ಬಂದು ಒಳಗಿನ ಕಾರಣನ ಬದಿಗೆ ತಳ್ಳಿಬಿಡ್ತು ಅನ್ನೋದು ಅವರ ವಾದ. ದುಡ್ಡಿನ ವಿಷಯದಲ್ಲಿ ಮುಂದೆ ಬೇಕಾದಷ್ಟು ಜಗಳ ಆಗಿದೆ, ಅದು ಬೇಡ ನಮಗೆ. ನಮಗೆ ಬೇಕಾಗಿರೋದು ಅವರು ಆಮೇಲೆ ಮಾಡಿದ ವಿಂಗಡಣೆ.

ಅವರ ಪ್ರಕಾರ ಇಷ್ಟಪಟ್ಟು ಮಾಡೋದು, ಕಷ್ಟಪಟ್ಟು ಮಾಡೋದು ಅಂತ ಬರೀ ಎರಡೇ ಬಗೆ ಇಲ್ಲ. ನಡುವೆ ಹಲವು ಮೆಟ್ಟಿಲಿದೆ. ಯಾರೋ ಬೈತಾರೆ ಅಂತಲೋ ಏನೋ ಕೊಡ್ತಾರೆ ಅಂತಲೋ ಮಾಡೋದು ಒಂದು. ಯಾರೂ ಬೈಯ್ದೇ ಇದ್ರೂ ತಲೆ ಒಳಗೇ ಒಬ್ಬರು ಕೂತು ಬೈತಿರ್ತಾರಲ್ಲ, ನಾಕು ಜನ ಏನಂತಾರೆ, ಅಪ್ಪನ ಮುಖ ಹೆಂಗೆ ನೋಡ್ಲಿ, ಜೊತೆಗೆ ಓದಿದವರೆಲ್ಲಾ ಸೆಟಲ್ ಆದ್ರು ಅಂತ, ಆ ನಾಚಿಕೆಗೆ ಅಂಜಿ ಮಾಡೋದು ಎರಡನೇದು. ಕೆಲಸ ಬೋರಾದ್ರೂ ಅದು ಯಾಕೆ ಬೇಕು ಅನ್ನೋದು ನಂಗೆ ಒಪ್ಪಿಗೆ ಇದೆ ಅಂತ ಮಾಡೋದು ಮೂರನೇದು. ಇಷ್ಟ ಆಗಿ, ಆಟದ ತರ ಮಾಡೋದು ಇನ್ನೊಂದು. ನೋಡಿ, ಕೆಎಎಸ್ ಸಿಲಬಸ್ ಯಾರಿಗೂ ಪೂರ್ತಿ ಆಟ ಆಗಲ್ಲ, ಆಗುತ್ತೆ ಅನ್ನೋರ ಮಾತು ನಂಬಬೇಡಿ. ನಮ್ಮ ಕೈಲಿ ಆಗೋದು ಎರಡನೇದ್ರಿಂದ ಮೂರನೇದಕ್ಕೆ ದಾಟೋದು. ಎರಡನೇದರ ಕಥೆ ಏನಂದ್ರೆ ಅದು ಕೆಲಸ ಮಾಡಿಸುತ್ತೆ, ಚೆನ್ನಾಗೇ ಮಾಡಿಸುತ್ತೆ, ಆದ್ರೆ ಜೊತೆಗೆ ಮನುಷ್ಯರನ್ನ ಸುಸ್ತು ಮಾಡುತ್ತೆ, ಪುಸ್ತಕ ತೆಗೆದ ಕೂಡ್ಲೇ ಅಪ್ಪನ ಮುಖ ಎದ್ರಿಗೆ ಬರುತ್ತೆ, ಅದನ್ನ ತಪ್ಪಿಸ್ಕೊಳ್ಳೋಕೆ ಕೈ ಫೋನಿಗೆ ಹೋಗುತ್ತೆ. ಪುಸ್ತಕ ಕಂಡ್ರೆ ಆಗಲ್ಲ ಅಂದ್ರಲ್ಲ, ನಿಮಗೆ ಆಗದೇ ಇರೋದು ಪುಸ್ತಕ ಅಲ್ಲದೇ ಇರಬೋದು, ಅದರ ಜೊತೆ ಬರೋ ಮುಜುಗರ ಇರಬೋದು.

1999ರಲ್ಲಿ ಕೆನ್ನನ್ ಶೆಲ್ಡನ್ ಮತ್ತು ಆಂಡ್ರ್ಯೂ ಎಲಿಯಟ್ ಅನ್ನೋರು ಇದನ್ನ ಗುರಿಗಳ ಮೇಲೆ ಇಟ್ಟು ನೋಡಿದ್ರು. ತಮಗೆ ಮುಖ್ಯ ಅನ್ಸಿದ್ದಕ್ಕೆ ಹೊಂದೋ ಗುರಿ ಹಿಡಿದವರು ಹೆಚ್ಚು ದಿನ ಶ್ರಮ ಹಾಕ್ತಾರೆ, ಹಾಗಾಗಿ ಮುಟ್ಟೋದೂ ಜಾಸ್ತಿ, ಮುಟ್ಟಿದ ಮೇಲೆ ಸಮಾಧಾನವೂ ಜಾಸ್ತಿ ಅಂತ ಅವರಿಗೆ ಕಂಡಿದ್ದು. ಬೇರೆಯವರ ಒತ್ತಾಯಕ್ಕೆ ಹಿಡಿದ ಗುರಿ ಶುರುವಲ್ಲಿ ಜೋರು, ಆಮೇಲೆ ಸಪ್ಪೆ. ನಿಮ್ಮ ಮೂರನೇ ದಿನ ಇದ್ರಲ್ಲಿ ಕಾಣುತ್ತಾ?

ಹಾಗಾದ್ರೆ ನಂಗೆ ಮುಖ್ಯ ಆಗಿರೋದು ಯಾವುದು ಅಂತ ಹುಡುಕೋದು ಹೆಂಗೆ. ಇಂಟರ್ನೆಟ್‌ನಲ್ಲಿ ಲಿಸ್ಟುಗಳು ಸಿಗುತ್ತೆ, ಪ್ರಾಮಾಣಿಕತೆ, ಕುಟುಂಬ, ಸ್ವಾತಂತ್ರ್ಯ, ಧೈರ್ಯ ಅಂತ ನೂರು ಹೆಸರು, ಟಿಕ್ ಹಾಕಿ ಅಂತ. ನಂಗೆ ಅದ್ರಲ್ಲಿ ಅಷ್ಟು ನಂಬಿಕೆ ಇಲ್ಲ. ಮಿಲ್ಟನ್ ರೋಕೀಚ್ ಅನ್ನೋ ಮನಶ್ಶಾಸ್ತ್ರಜ್ಞರು 18 ಬದುಕಿನ ಗುರಿಗಳು, 18 ನಡವಳಿಕೆಯ ಗುಣಗಳು ಅಂತ ಎರಡು ಪಟ್ಟಿ ಮಾಡಿದ್ರು, ಆದ್ರೆ ಅವರು ಜಾಣರು, ಟಿಕ್ ಹಾಕೋಕೆ ಬಿಡ್ಲಿಲ್ಲ, ಒಂದರಿಂದ ಹದಿನೆಂಟರವರೆಗೆ ಸಾಲಾಗಿ ಇಡಿ ಅಂದ್ರು. ಯಾಕಂದ್ರೆ ಟಿಕ್ ಹಾಕಿ ಅಂದ್ರೆ ಎಲ್ಲರೂ ಎಲ್ಲದಕ್ಕೂ ಹಾಕ್ತಾರೆ, ಪ್ರಾಮಾಣಿಕತೆ ಬೇಡ ಅಂತ ಯಾರಾದ್ರೂ ಬಿಡ್ತಾರಾ? ಯಾವುದಕ್ಕೋಸ್ಕರ ಯಾವುದನ್ನ ಬಿಟ್ಟುಕೊಡ್ತೀವಿ ಅಂತ ಬಂದಾಗ್ಲೇ ನಿಜ ಗೊತ್ತಾಗೋದು. ಅದಕ್ಕಿಂತ ಸುಲಭದ ದಾರಿ ನಿಮ್ಮ ಪತ್ರದಲ್ಲೇ ಇದೆ, ಎರಡು ಕಡೆ ನೀವೇ ಬರ್ದಿದೀರಿ, ನೀವೇ ಗಮನಿಸಿಲ್ಲ.

ಒಂದು, ಯಾರೂ ಹೇಳದೇ, ಏನೂ ಸಿಗದೇ ಇದ್ರೂ ಟೈಮ್ ಕೊಡ್ತಿರೋ ಕೆಲಸ. ಎರಡು, ನಿದ್ದೆ ಕೆಡಿಸಿದ ಸಿಟ್ಟು. ನನ್ನ ಅನುಭವದಲ್ಲಿ ಎರಡನೇದು ಇನ್ನೂ ನಂಬಿಕಸ್ತ. ಇಷ್ಟ ಅನ್ನೋದ್ರಲ್ಲಿ ಎಷ್ಟೋ ಸಲ ಬೇರೆಯವರಿಗೆ ಕಾಣ್ಲಿ ಅನ್ನೋದು ಸೇರ್ಕೊಂಡಿರುತ್ತೆ, ಸಿಟ್ಟಿನಲ್ಲಿ ಅಷ್ಟು ನಾಟಕ ಇರಲ್ಲ. ನಮ್ಮ ಜಿಲ್ಲೆದೇ ಉದಾಹರಣೆ ಬೇಕಂದ್ರೆ ಸಾಗರದ ಪಕ್ಕದ ಕಾಗೋಡು. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತಿದ್ದು ಯಾವುದೋ ದೊಡ್ಡ ಸಿದ್ಧಾಂತದ ಪುಸ್ತಕ ಓದಿ ಅಲ್ಲ, ಗೇಣಿ ಭತ್ತ ಅಳೆಯೋ ಕೊಳಗದ ವಿಚಾರಕ್ಕೆ, ಅಳತೆ ನ್ಯಾಯದ್ದಲ್ಲ ಅಂತ. ಆ ಸಿಟ್ಟಿಗೆ ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರಂಥವರು ಜೊತೆಯಾದ್ರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಉಳುವವನೇ ಒಡೆಯ ಅನ್ನೋದು ಕಾನೂನಾಗಿ ಗಟ್ಟಿಯಾಗಿ ಜಾರಿಗೆ ಬಂದಿದ್ದು 1974ರಲ್ಲಿ, ದೇವರಾಜ ಅರಸು ಕಾಲಕ್ಕೆ. ನಡುವೆ 23 ವರ್ಷ. ಅಷ್ಟು ವರ್ಷ ಯಾರನ್ನೂ ಬರೀ ಹುಮ್ಮಸ್ಸು ಹಿಡಿದು ನಿಲ್ಲಿಸಲ್ಲ, ಇದು ಸರಿಯಲ್ಲ ಅನ್ನೋದು ಹಿಡಿದು ನಿಲ್ಲಿಸುತ್ತೆ.

ನಿಮ್ಮ ಎರಡೂ ಸುಳಿವನ್ನ ಪಕ್ಕಪಕ್ಕ ಇಟ್ಟು ನೋಡಿ. ಗೊತ್ತಿಲ್ಲದ ಹುಡುಗೀರ ಅರ್ಜಿ, ಅಪ್ಪನ ಪೋಡಿ ಫೈಲು. ಎರಡ್ರಲ್ಲೂ ಇರೋದು ಕಾಗದಪತ್ರದ ಮುಂದೆ ಜನ ಸಣ್ಣವರಾಗಬಾರ್ದು, ಅವರ ಕೆಲಸ ಅಲೆದಾಡಿಸದೆ ಆಗ್ಬೇಕು ಅನ್ನೋದು. ತಹಶೀಲ್ದಾರ್ ಅನ್ನೋದು ಒಂದು ಹುದ್ದೆ, ಸಿಗಬೋದು ಸಿಗದೇ ಇರಬೋದು, ಸಿಕ್ಕ ದಿನಕ್ಕೆ ಆ ಗುರಿ ಮುಗೀತು. ಜನರ ಕೆಲಸ ಆಗ್ಬೇಕು ಅನ್ನೋದು ಮುಗಿಯೋದಲ್ಲ, ಹುದ್ದೆ ಇಲ್ದೇನೂ ನೀವು ಆಗ್ಲೇ ಪಿಜಿಲಿ ಕೂತು ಮಾಡ್ತಿದೀರಿ. ನೀವು ಅದನ್ನೇ ತಪ್ಪು ಅಂದ್ಕೊಂಡು ನಿಮಗೇ ಬೈಕೊಳ್ತಿದೀರಲ್ಲ, ವಿಚಿತ್ರ ಅಂದ್ರೆ ಅದು! ಮೂರು ವರ್ಷದಿಂದ ಓದೋದಕ್ಕೆ ಕಾರಣ ಅಂತ ಅಪ್ಪನ ಮರ್ಯಾದೆನ ಮುಂದಿಟ್ಕೊಂಡು, ನಿಜವಾದ ಕಾರಣನ ಕಾಲಹರಣ ಅಂತ ಪಕ್ಕಕ್ಕೆ ಇಟ್ಟಿದೀರಿ.

ಆದ್ರೆ ಅಷ್ಟು ಬೇಗ ನನ್ನ ಮಾತು ಒಪ್ಕೋಬೇಡಿ. ಅರ್ಜಿ ತುಂಬೋ ಕೆಲಸದಲ್ಲಿ ಇನ್ನೊಂದು ಆಕರ್ಷಣೆನೂ ಇದೆ, ಅರ್ಧ ಗಂಟೇಲಿ ಮುಗಿಯುತ್ತೆ, ಥ್ಯಾಂಕ್ಯೂ ಅಕ್ಕ ಅಂತಾರೆ. ಓದಿಗೆ ಹೋಲ್ಸಿದ್ರೆ ಅದು ತಕ್ಷಣ ಸಿಹಿ. ಹಾಗಾಗಿ ಬರೀ ಓದಿನಿಂದ ತಪ್ಪಿಸ್ಕೊಳ್ಳೋ ದಾರಿ ಆಗಿರೋ ಸಾಧ್ಯತೆನೂ ಇದೆ. ಪರೀಕ್ಷೆ ಮಾಡೋದು ಸುಲಭ. ಆ ಕೆಲಸದ ಅತಿ ಬೋರಿನ ಭಾಗ ಇದೆಯಲ್ಲ, ಆಧಾರ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ಬೇರೆ, ಮಾರ್ಕ್ಸ್‌ಕಾರ್ಡ್‌ನಲ್ಲಿ ಬೇರೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಸರ್ವರ್ ಡೌನು, ಆ ಹುಡುಗಿ ಬೇರೆ ಗೊಣಗ್ತಾ ಕೂತಿದಾಳೆ. ಆವಾಗ್ಲೂ ನೀವು ಅದನ್ನ ಕೊನೆಮುಟ್ಟಿಸ್ತೀರಾ, ಇಲ್ಲಾ ನಾಳೆ ನೋಡೋಣ ಅಂತೀರಾ? ಥ್ಯಾಂಕ್ಸ್ ಇಲ್ದಾಗ್ಲೂ ಕೊನೆಮುಟ್ಟಿಸೋ ಬುದ್ಧಿ ಇದ್ರೆ ಅದು ನಿಮ್ಮದೇ ಮೌಲ್ಯ. ಇಲ್ಲಾಂದ್ರೆ ಅದೂ ಗೊತ್ತಾಗಿದ್ದು ಒಳ್ಳೇದೇ, ಬೇರೆ ಕಡೆ ಹುಡುಕೋಣ. ಹೊಟ್ಟೆಕಿಚ್ಚಿನಲ್ಲೂ ಹುಡುಕಬೋದು, ಹೇಳ್ಕೊಳ್ಳೋಕೆ ನಾಚಿಕೆ ಆದ್ರೂ ಒಳ್ಳೇ ಜಾಗ ಅದು. ಜೊತೇಲಿದ್ದವಳು ಆಫೀಸರ್ ಆದ್ಲು ಅಂದಾಗ ನಿಮಗೆ ಚುಚ್ಚೋದು ಅವಳ ಜೀಪಾ, ಅವಳ ಸ್ವಂತ ಸಂಬಳನಾ, ಅವಳು ಮಾಡ್ತಿರೋ ಕೆಲಸನಾ? ಸಂಬಳ ಅಂತ ಉತ್ತರ ಬಂದ್ರೆ ಅದರಲ್ಲಿ ತಪ್ಪೇನಿಲ್ಲ, ಯಾರ ಮುಂದೂ ಕೈ ಚಾಚದೇ ಬದುಕಬೇಕು ಅನ್ನೋದು ಕೂಡ ದೊಡ್ಡ ಮೌಲ್ಯವೇ, ನಮ್ಮ ಕಡೆ ಹೆಣ್ಣುಮಕ್ಕಳಿಗಂತೂ ಹೌದು.

ಮದುವೆ ಮಾತು ಬಂದಿದೆ ಅಂದ್ರಿ. ಇಲ್ಲಿ ಶಾಲೋಮ್ ಶ್ವಾರ್ಟ್ಜ್ ಅನ್ನೋರು 1992ರಲ್ಲಿ ಪ್ರಕಟಿಸಿದ ಕೆಲಸ ನೆನಪಿಗೆ ಬರುತ್ತೆ. ಬೇರೆ ಬೇರೆ ದೇಶದ ಜನರನ್ನ ಕೇಳಿ ಅವರು ಮೌಲ್ಯಗಳನ್ನ ಹತ್ತು ಬಗೆ ಮಾಡಿದ್ರು, ಅವನ್ನ ಒಂದು ಚಕ್ರದಲ್ಲಿ ಇಟ್ರು. ಪಕ್ಕಪಕ್ಕ ಇರೋವು ಒಂದಕ್ಕೊಂದು ಹೊಂದ್ಕೊಂಡು ಹೋಗುತ್ತೆ, ಎದುರುಬದುರು ಇರೋವು ಜಗಳ ಆಡುತ್ತೆ. ಒಂದು ಕಡೆ ಸ್ವಂತ ತೀರ್ಮಾನ, ಹೊಸ ಅನುಭವ, ಅದರ ಎದುರಿಗೆ ಭದ್ರತೆ, ಸಂಪ್ರದಾಯ, ಹಿರಿಯರ ಮಾತಿಗೆ ಹೊಂದಿಕೊಳ್ಳೋದು. ಇನ್ನೊಂದು ಕಡೆ ಸಾಧನೆ, ಅಧಿಕಾರ, ಅದರ ಎದುರಿಗೆ ಇತರರ ಒಳಿತು. ನಿಮ್ಮೊಳಗೆ ಎರಡೂ ಜಗಳ ಒಟ್ಟಿಗೆ ನಡೀತಿದೆ. ಅಪ್ಪನ ಮಾತು ಮೀರಬಾರ್ದು ಅನ್ನೋದೂ ನಿಮ್ಮದೇ, ನನ್ನ ಬದುಕು ನಾನು ತೀರ್ಮಾನ ಮಾಡ್ಬೇಕು ಅನ್ನೋದೂ ನಿಮ್ಮದೇ. ಅಪ್ಪಂದು ಹೊರಗಿನ ಒತ್ತಡ, ಓದೋದು ಒಳಗಿನ ಕರೆ ಅಂತ ಸಿನಿಮಾ ತರ ಭಾಗ ಮಾಡೋಕೆ ಹೋದ್ರೆ ತಪ್ಪುತ್ತೆ, ಅಪ್ಪನ ಮೇಲಿರೋ ಪ್ರೀತಿ ಏನು ಹೊರಗಿಂದಾ? ಒಂದು ಕಡೆ ಪೂರ್ತಿ ಗೆದ್ದು ಇನ್ನೊಂದು ಸುಮ್ಮನಾಗುತ್ತೆ ಅಂತ ಕಾಯಬೇಡಿ, ಆಗಲ್ಲ. ಈ ಆರು ತಿಂಗಳು ಯಾವುದಕ್ಕೆ ಮೊದಲ ಜಾಗ ಅಂತ ಕೇಳ್ಕೊಳ್ಳಿ, ಅದು ಉತ್ತರ ಸಿಗೋ ಪ್ರಶ್ನೆ.

ಇಷ್ಟೆಲ್ಲಾ ಗೊತ್ತಾಯ್ತು, ಸರಿ, ನಾಳೆ ಬೆಳಿಗ್ಗೆ ಎಂತ ಮಾಡೋದು ಅಂತೀರಾ. ಒಂದು ದಿನ ಹದಿನೈದು ನಿಮಿಷ ಕೂತು, ಫೋನ್ ಬೇರೆ ರೂಮಲ್ಲಿಟ್ಟು, ಅಪ್ಪ ಬರಿಗೈಲಿ ವಾಪಸ್ ಬಂದ ದಿನದ ಬಗ್ಗೆ ಬರೀರಿ. ಏನಾಯ್ತು, ಯಾಕೆ ನಿದ್ದೆ ಬರ್ಲಿಲ್ಲ, ಏನಾಗಬೇಕಿತ್ತು. ಚೆನ್ನಾಗಿ ಬರೆಯೋದು ಬೇಡ, ಯಾರಿಗೂ ತೋರಿಸೋದು ಬೇಡ. ಇದು ಗಾಳಿಗೆ ಹೇಳ್ತಿರೋದಲ್ಲ, 2006ರಲ್ಲಿ ಜೆಫ್ರಿ ಕೋಹೆನ್ ಮತ್ತು ಜೊತೆಗಾರರು ಅಮೆರಿಕದ ಏಳನೇ ಕ್ಲಾಸಿನ ಮಕ್ಕಳ ಹತ್ರ ತಮಗೆ ಮುಖ್ಯವಾದ ಮೌಲ್ಯದ ಬಗ್ಗೆ ಹೀಗೇ ಸ್ವಲ್ಪ ಹೊತ್ತು ಬರೆಸಿದ್ರು, ಹಿಂದೆ ಬೀಳ್ತಿದ್ದ ಕಪ್ಪು ಮಕ್ಕಳ ಅಂಕ ಸುಧಾರಿಸ್ತು. ಆಮೇಲೆ ಬೇರೆ ಕಡೆ ಮಾಡಿದಾಗ ಎಲ್ಲಾ ಕಡೆ ಅಷ್ಟು ಫಲ ಸಿಗ್ಲಿಲ್ಲ, ಅದನ್ನೂ ಹೇಳ್ಬೇಕು. ಹಾಗಾಗಿ ಮಂತ್ರ ಅಂದ್ಕೋಬೇಡಿ, ಹದಿನೈದು ನಿಮಿಷದ ಖರ್ಚಿಗೆ ನೋಡೋಕೆ ಅಡ್ಡಿ ಇಲ್ಲ ಅಷ್ಟೇ.

ಆಮೇಲೆ ಸಿಲಬಸ್ ತೆಗೀರಿ, ಅದ್ರಲ್ಲಿ ಅಪ್ಪನ ಫೈಲು ಎಲ್ಲೆಲ್ಲಿದೆ ನೋಡಿ. ನಂಗೆ ಈ ಭಾಗ ಹೇಳೋಕೆ ಖುಷಿ. ನೀವು ಬಾಯಿಪಾಠ ಮಾಡ್ತಿರೋ ಸಕಾಲ ಇದೆಯಲ್ಲ, ನಾಗರಿಕ ಸೇವೆಗಳ ಖಾತರಿ ಕಾಯ್ದೆ 2011, ಅದು ಶುರುವಾಗಿದ್ದೇ ಅರ್ಜಿ ಕೊಟ್ಟ ಕೆಲಸ ಇಂತಿಷ್ಟು ದಿನದಲ್ಲಿ ಆಗ್ಬೇಕು, ತಡ ಆದ್ರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500ರವರೆಗೆ ಪರಿಹಾರ ಅಂತ. ಅಪ್ಪನ ಕೆಲಸ ಅದರ ಪಟ್ಟೀಲಿ ಇದೆಯಾ, ಎಷ್ಟು ದಿನ, ಮೇಲ್ಮನವಿ ಯಾರಿಗೆ ಅಂತ ನೀವೇ ಹುಡುಕಿ ಬರ್ಕೊಳ್ಳಿ. 1964ರ ಭೂಕಂದಾಯ ಕಾಯ್ದೆ, ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ, 2005ರ ಮಾಹಿತಿ ಹಕ್ಕು, ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ, ಇವೆಲ್ಲಾ ನೋಟ್ಸ್‌ನಲ್ಲಿ ಒಣಗಿ ಕೂತಿರುತ್ತೆ, ನಿಮ್ಮ ಮನೆಯ ಒಂದು ಫೈಲಿನ ಪಕ್ಕ ಇಟ್ಟು ಓದಿದ್ರೆ ಬೇರೇನೇ ಆಗುತ್ತೆ. ಅರ್ಜಿ ತುಂಬಿಸ್ಕೊಳ್ಳೋಕೆ ಬರೋ ಹುಡುಗೀರಿಗೆ ವಾರಕ್ಕೊಂದು ದಿನ, ಭಾನುವಾರ ಎರಡು ಗಂಟೆ ಅಂತ ಟೈಮ್ ಇಡಿ. ಬಿಡಬೇಡಿ, ಆದ್ರೆ ಅದಕ್ಕೊಂದು ಬೇಲಿ ಇರ್ಲಿ.

ಎಲ್ಲವನ್ನೂ ಹೀಗೆ ಮೌಲ್ಯಕ್ಕೆ ಕಟ್ಟೋಕೆ ಆಗಲ್ಲ ಮಾರಾಯ್ರೆ. ಮೆಂಟಲ್ ಎಬಿಲಿಟಿಲಿ ರೈಲು ಎಷ್ಟೊತ್ತಿಗೆ ಸೇತುವೆ ದಾಟುತ್ತೆ ಅನ್ನೋದಕ್ಕೂ ಅಪ್ಪನ ಪೋಡಿಗೂ ಸಂಬಂಧ ಇಲ್ಲ, ಬಲವಂತವಾಗಿ ಸಂಬಂಧ ಹುಡುಕಿದ್ರೆ ಅದೊಂದು ಹೊಸ ನಾಟಕ ಆಗುತ್ತೆ. ಅಂಥದ್ದಕ್ಕೆ ಪೀಟರ್ ಗೋಲ್ವಿಟ್ಜರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರ ಉಪಾಯ ಸಾಕು, ಇದಾದ್ರೆ ಇದು ಅಂತ ಮೊದ್ಲೇ ನಿಕ್ಕಿ ಮಾಡಿಡೋದು. ಬೆಳಿಗ್ಗೆ ಟೀ ಲೋಟ ತೊಳೆದಿಟ್ಟ ಕೂಡ್ಲೇ ಹತ್ತು ಲೆಕ್ಕ. ಕೈ ಫೋನಿಗೆ ಹೋದ್ರೆ, ಎದ್ದು ನೀರು ಕುಡಿದು ಬಂದು ಮತ್ತೆ ಕೂರೋದು. ಇವತ್ತು ಓದ್ಲಾ ಬೇಡ್ವಾ ಅಂತ ದಿನಾ ಮನಸ್ಸಿನ ಜೊತೆ ಚರ್ಚೆ ಮಾಡಿದ್ರೆ ಮನಸ್ಸೇ ಗೆಲ್ಲೋದು. ಮತ್ತೆ ರಾತ್ರಿ ಎರಡು ಗಂಟೆ ಕೂರೋದನ್ನ ದಯವಿಟ್ಟು ನಿಲ್ಸಿ, ಆ ಒಂದು ರಾತ್ರಿಯ ಸಾಹಸಕ್ಕೆ ಮುಂದಿನ ಎರಡು ದಿನ ದಂಡ ಕಟ್ತಿದೀರಿ.

ಪರೀಕ್ಷೆ ಬಗ್ಗೆ ಒಂದು ಕಟು ಮಾತು. ಫಲಿತಾಂಶ ಪೂರ್ತಿ ನಿಮ್ಮ ಕೈಲಿಲ್ಲ. 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ಕ್ಕೆ ನಡೆದ ಪ್ರಿಲಿಮ್ಸ್, ಕನ್ನಡ ಅನುವಾದದ ತಪ್ಪುಗಳಿಂದ ಅದೇ ಡಿಸೆಂಬರ್ 29ಕ್ಕೆ ಮತ್ತೆ ನಡೀತು, ನೆನಪಿದೆಯಲ್ಲ. ಎಷ್ಟೇ ಶಿಸ್ತಿನವರಾದ್ರೂ ಇದನ್ನ ತಡೆಯೋಕಾಗಲ್ಲ. ಇಡೀ ಬದುಕಿನ ಅರ್ಥನ ಇಂಥ ಒಂದು ಬಾಗಿಲಿಗೆ ನೇತುಹಾಕಿದ್ರೆ ಬಾಗಿಲು ತೆರೆಯೋದು ತಡ ಆದಷ್ಟೂ ನಾವು ಕುಗ್ತೀವಿ. ಜನರ ಕೆಲಸ ಆಗ್ಬೇಕು ಅನ್ನೋದೇ ನಿಮ್ಮ ಮೌಲ್ಯ ಆದ್ರೆ ಅದಕ್ಕೆ ಪಿಡಿಒ, ಎಫ್‌ಡಿಎನೂ ಬಾಗಿಲೇ. ಕಾನೂನು ಓದೋದೂ ಬಾಗಿಲೇ, ನಿಮ್ಮ ಹತ್ರ ಡಿಗ್ರಿ ಇದೆ, ಮೂರು ವರ್ಷದ ಎಲ್‌ಎಲ್‌ಬಿ ಮಾಡಬೋದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಸಾಮಾನ್ಯ ಜನರನ್ನೇ ತರಬೇತಿ ಕೊಟ್ಟು ತಗೋತಾರೆ, ಅದನ್ನ ವಿಚಾರಿಸಿ ನೋಡಿ. ಪರೀಕ್ಷೆ ಬಿಡಿ ಅಂತ ನಾನು ಹೇಳ್ತಿಲ್ಲ. ಒಂದು ಕೊನೆ ದಿನ ಹಾಕ್ಕೊಳ್ಳಿ, ಇಷ್ಟು ಪ್ರಯತ್ನ, ಇಷ್ಟು ತಿಂಗಳು, ಅದರಾಚೆ ಇನ್ನೊಂದು ಬಾಗಿಲು ಅಂತ. ಕೊನೆ ದಿನ ಇಲ್ಲದ ತಯಾರಿ ಮನುಷ್ಯರನ್ನ ತಿಂದುಹಾಕುತ್ತೆ, ಶಿವಮೊಗ್ಗದ ಲೈಬ್ರರಿಗಳಲ್ಲಿ ನೀವೇ ನೋಡಿರ್ತೀರಿ.

ಇನ್ನು ಅಪ್ಪನ ಹತ್ರ ಏನು ಹೇಳೋದು. ವ್ಯಾಲ್ಯೂಸ್, ಮೋಟಿವೇಶನ್ ಅಂತ ಶುರು ಮಾಡಬೇಡಿ, ಪಾಪ ಅವರಿಗೆ ಮಗಳಿಗೆ ಏನೋ ಆಗಿದೆ ಅಂತ ಗಾಬರಿ ಆಗುತ್ತೆ. ಫೋನಲ್ಲೂ ಬೇಡ. ಊರಿಗೆ ಹೋದಾಗ, ಅಮ್ಮನೂ ಇರೋವಾಗ, ಪೋಡಿ ಫೈಲಿನಿಂದಲೇ ಮಾತು ತೆಗೀರಿ, ಅಪ್ಪಯ್ಯ ಆ ಅರ್ಜಿ ನಂಬರ್ ಕೊಡಿ, ಅದು ಎಲ್ಲಿ ನಿಂತಿದೆ ನಾನು ನೋಡ್ತೀನಿ ಅಂತ. ಮುಂದಿನ ಸಲ ಅವರ ಜೊತೆ ನೀವೇ ಆಫೀಸಿಗೆ ಹೋಗಿ, ಸ್ವೀಕೃತಿ ಚೀಟಿ ಕೇಳಿ ಇಸ್ಕೊಳ್ಳಿ. ಆಮೇಲೆ ಹೇಳಿ, ನಾನು ಓದ್ತಿರೋದು ಇಂಥ ಕೆಲಸ ಸರಿಯಾಗಿ ಮಾಡೋಕೆ, ತಹಶೀಲ್ದಾರ್ ಆಗಬೋದು, ಆಗದೇ ಇರಬೋದು, ಇಂಥ ತಿಂಗಳವರೆಗೆ ಟೈಮ್ ಕೊಡಿ, ಆಗ್ಲಿಲ್ಲ ಅಂದ್ರೆ ಲಾ ಸೇರ್ತೀನೋ ಬೇರೆ ಕೆಲಸ ನೋಡ್ತೀನೋ, ಸುಮ್ನೆ ಕೂರಲ್ಲ ಅಂತ. ಮದುವೆ ವಿಚಾರಕ್ಕೂ ಅದೇ ತಾರೀಕು ಹೇಳಿ, ಬೇಡ ಅಂತ ಅಲ್ಲ, ಅಲ್ಲಿವರೆಗೆ ಬೇಡ ಅಂತ. ಮೊದಲ ಸಲಕ್ಕೇ ಒಪ್ತಾರೆ ಅಂತ ನಾನು ಹೇಳಲ್ಲ, ಊರವರಿಗೆ ಎಂತ ಹೇಳೋದು ಅಂತ ಒಂದ್ಸಲ ಬೈಬೋದು, ಎರಡು ದಿನ ಮಾತು ಬಿಡಬೋದು. ಆವಾಗ ಎದುರುತ್ತರ ಕೊಡೋಕೆ ಹೋಗಬೇಡಿ, ನೀವು ಹೇಳಿದ ತಾರೀಕನ್ನ ಮಾತ್ರ ಬದಲಾಯಿಸಬೇಡಿ. ಅಮ್ಮನ ಹತ್ರ ಮೊದ್ಲೇ ಒಂದು ಮಾತು ಹೇಳಿಟ್ಟಿರಿ, ನಮ್ಮ ಮನೆಗಳಲ್ಲಿ ಕೊನೆಗೆ ಸಹಿ ಬೀಳೋದು ಅಲ್ಲೇ ಅಲ್ವಾ.